ಖಂಡೇ ಪೂಜೆಗೆ ಕುಳಿತ ರೌಟರ್

2022ರಲ್ಲಿ ನಾನು ಹಾನಗಲ್ಲಿನ ಒಂದು ಖಾಸಗಿ ಇಂಟರ್ನೆಟ್ ಏಜೆನ್ಸಿಯಲ್ಲಿ ಫೀಲ್ಡ್ ಟೆಕ್ನಿಷಿಯನ್ ಆಗಿದ್ದೆ. ಅದಕ್ಕೂ ಮೊದಲು ಬಹಳ ವರ್ಷ ಟೆಲಿಫೋನ್ ಕಂಬ ಹತ್ತಿ ಇಳಿದವನು. ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕುಳಿತದ್ದಾಯಿತು. ಹೆಂಡತಿಯಿಂದ ದಿನಾ ಬೈಸಿಕೊಳ್ಳುವುದಕ್ಕಿಂತ ಬೈಕ್ ಹತ್ತುವುದೇ ವಾಸಿ ಅನ್ನಿಸಿ ಮತ್ತೆ ಕೆಲಸಕ್ಕೆ ಸೇರಿದೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳಲ್ಲಿ ನಮ್ಮ ಫೈಬರ್ ಲೈನು ಹರಡಿತ್ತು. ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆಯೊಳಗೆ ಬೆಳಕು ಹರಿದು ಮನೆ ಮುಟ್ಟುತ್ತದೆ, ಮನೆಯ ರೌಟರ್ ಆ ಬೆಳಕನ್ನು ಇಂಟರ್ನೆಟ್ ಮಾಡಿ ಮೊಬೈಲಿಗೆ, ಲ್ಯಾಪ್‌ಟಾಪಿಗೆ ಹಂಚುತ್ತದೆ. ಆ ರೌಟರನ್ನು ಜೋಡಿಸುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಕೆಲಸ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸುಮ್ಮನೆ ಬರುವುದಿಲ್ಲ ಸ್ವಾಮಿ, ಜನ ಬರಿಸುತ್ತಾರೆ. ಸವಣೂರಿನಲ್ಲಿ ಒಬ್ಬರು ಧೂಳು ಹತ್ತಬಾರದೆಂದು ರೌಟರಿಗೆ ಉಲ್ಲನ್ನಿನ ಕುಲಾಯಿ ಹೆಣೆದು ಹಾಕಿದ್ದರು, ಅದು ಕಾದು ಕಾದು ಸುಟ್ಟೇ ಹೋಯಿತು. ಹಿರೇಕೆರೂರಿನ ಕಡೆ ಮತ್ತೊಬ್ಬರು ಕಳ್ಳರ ಭಯಕ್ಕೆ ಅದನ್ನು ಕಬ್ಬಿಣದ ತಿಜೋರಿಯಲ್ಲಿಟ್ಟು ಬೀಗ ಹಾಕಿ, ‘ಸಿಗ್ನಲ್ಲ ಬರವಲ್ದು’ ಎಂದು ನನ್ನನ್ನೇ ಫೋನಿನಲ್ಲಿ ಬೈದಿದ್ದರು. ಇಂಥವರ ಮನೆಯಲ್ಲಿ ನಗುತ್ತ ನಿಲ್ಲುವ ಪುಣ್ಯಾತ್ಮ ನಾನಲ್ಲ. ಆದರೆ ಬಾಯಿಗೆ ಬಂದದ್ದನ್ನು ನುಂಗಿ ನಿಲ್ಲಬೇಕಾದ ಒಂದು ದಿನವೂ ಬಂತು.

ಅದು ಆ ವರ್ಷದ ಖಂಡೇನವಮಿ, ಅಂದರೆ ಆಯುಧಪೂಜೆ. ನಮ್ಮ ಕಡೆ ಆ ದಿನ ಅನ್ನ ಕೊಡುವ ಸಾಮಾನನ್ನೆಲ್ಲ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಪೂಜೆಗೆ ಇಡುತ್ತಾರೆ. ಒಮ್ಮೆ ಇಟ್ಟ ಮೇಲೆ ಮರುದಿನ ಬನ್ನಿ ಮುಡಿಯುವ ತನಕ ಅದನ್ನು ಯಾರೂ ಅಲುಗಿಸುವುದಿಲ್ಲ. ನಾನೂ ನಸುಕಿನಲ್ಲೇ ಎದ್ದು ನನ್ನ ಹತಾರಗಳನ್ನೆಲ್ಲ ಪೂಜೆಗೆ ಇಟ್ಟಿದ್ದೆ. ಹೋಳಿಗೆಯ ವಾಸನೆ ಮನೆ ತುಂಬಿತ್ತು. ಅಷ್ಟರಲ್ಲಿ ಫೋನು ಬಂತು.

“ಕಾಕಾ, ನಾ ಸವಿತಾರಿ. ನಮ್ಮನಿ ವೈಫೈ ಹೆಸರ ಕಾಣವಲ್ದ್ರಿ. ಹನ್ನೊಂದಕ್ಕ ನಂದು ಇಂಟರ್‌ವ್ಯೂ ಐತ್ರಿ.”

ಸವಿತಾ ತಿಳವಳ್ಳಿಯಿಂದ ಸ್ವಲ್ಪ ಒಳಗಿನ ಒಂದು ಹಳ್ಳಿಯ ಸೊಸೆ. ಮೊದಲು ಹಾನಗಲ್ಲಿನ ಒಂದು ಆಸ್ಪತ್ರೆಯಲ್ಲಿ ಚೀಟಿ ಬರೆಯುತ್ತಿದ್ದಳು. ಬಸ್ಸಿನಿಂದ ಇಳಿಯುವಾಗ ಬಿದ್ದು ಬಲಗಾಲು ಮುರಿಯಿತು. ಕೂಡಿತಾದರೂ ಸೆಟೆದುಕೊಂಡೇ ಉಳಿಯಿತು. ದಿನಾ ಬಸ್ಸು ಹತ್ತುವ ಕೆಲಸ ಆಕೆಗೆ ಮುಗಿದ ಮಾತು. ಆಮೇಲೆ ಹೊರರಾಜ್ಯದ ಒಂದು ಕಂಪನಿ ಮನೆಯಿಂದಲೇ ಕನ್ನಡದಲ್ಲಿ ಫೋನ್ ಕರೆ ತೆಗೆದುಕೊಳ್ಳುವ ಕೆಲಸಕ್ಕೆ ತರಬೇತಿ ಕೊಟ್ಟಿತ್ತು. ಆ ಸಲುವಾಗಿಯೇ ನಮ್ಮ ಲೈನು ಹಾಕಿಸಿದ್ದಳು. ಮೂರು ತಿಂಗಳ ತರಬೇತಿ ಮುಗಿದು, ಖಾಯಂ ಮಾಡುವ ಕೊನೆಯ ಇಂಟರ್‌ವ್ಯೂ ಅಂದು ಇತ್ತು. ಹೊರಗಿನವರಿಗೆ ಅದು ಖಂಡೇನವಮಿ ಅಲ್ಲ, ಬರೀ ಒಂದು ಮಂಗಳವಾರ. ಹೇಳಿದ ಹೊತ್ತಿಗೆ ವಿಡಿಯೋದಲ್ಲಿ ಕಾಣದಿದ್ದರೆ ಹೆಸರು ಪಟ್ಟಿಯಿಂದ ತೆಗೆಯುತ್ತೇವೆ ಎಂದು ಮೊದಲೇ ತಿಳಿಸಿದ್ದರಂತೆ. ಆ ಮನೆಯೊಳಗೆ ಮೊಬೈಲ್ ಸಿಗ್ನಲ್ ಬರುವುದು ಒಂದೇ ಕಡ್ಡಿ. ಮಾತು ಹೇಗೋ ಕೇಳುತ್ತದೆ, ವಿಡಿಯೋ ಮಾತ್ರ ಅಂಗಳದಲ್ಲೂ ನಡೆಯುವುದಿಲ್ಲ.

“ಒಮ್ಮೆ ರೌಟರ್ ಆಫ್ ಮಾಡಿ ಆನ್ ಮಾಡವಾ” ಎಂದೆ.

ಆಕೆ ದನಿ ತಗ್ಗಿಸಿದಳು. “ಆಗೂದಿಲ್ರಿ ಕಾಕಾ. ಅತ್ತಿ ಅದನ್ನ ಪೂಜಾಕ್ಕ ಇಟ್ಟಾರ್ರಿ.”

ಹಣೆ ಹಣೆ ಬಡಿದುಕೊಂಡೆ. ಬೈಕ್ ಪೂಜೆಯಾಗಿ ಅಂಗಳದಲ್ಲಿ ನಿಂತಿತ್ತು, ಗಾಡಿಗಳಿಗೆ ಆ ಕಟ್ಟಳೆ ಇಲ್ಲ, ಅದನ್ನು ತೆಗೆಯಬಹುದು. ಫೈಬರ್ ಜೋಡಿಸುವ ಮಷಿನ್ನಿಗೆ ಕೈ ಹಾಕಿದ್ದೇ ತಡ, ಹೆಂಡತಿ ಒಳಗಿನಿಂದ, “ಇಟ್ಟದ್ದನ್ನ ಎತ್ತಬ್ಯಾಡ್ರಿ, ಹೇಳೇನಿ!” ಎಂದಳು. ವಾದ ಮಾಡುತ್ತ ನಿಂತರೆ ಹೊತ್ತು ಹೋಗುತ್ತಿತ್ತು. ಬರಿಗೈಯಲ್ಲೇ ಹೊರಟೆ. ದಾರಿಯುದ್ದಕ್ಕೂ ಒಂದೇ ಚಿಂತೆ. ಪೂಜೆಗೆಂದು ಗೋಡೆಯಿಂದ ಕೀಳುವಾಗ ಆ ಗಾಜಿನ ಎಳೆ ಮುರಿದಿದ್ದರೆ, ನಾನು ಅಲ್ಲಿಗೆ ಹೋಗಿ ಕೈ ಕೈ ಹಿಸುಕಿಕೊಳ್ಳುವುದಷ್ಟೇ ಬಾಕಿ.

ಹತ್ತೂಕಾಲಕ್ಕೆ ಮನೆ ಮುಟ್ಟಿದೆ. ಪಡಸಾಲೆಯಲ್ಲಿ ಮಣೆಯ ಮೇಲೆ ಕುಡುಗೋಲು, ಕುರುಪಿ, ಕೊಡಲಿ ಸಾಲಾಗಿದ್ದವು. ಬದಿಗೆ ಸವಿತಾಳ ಗಂಡನ ಟೆಂಪೋದ ಜಾಕು, ಪಾನಾ. ಆತ ಗೋವಿನಜೋಳದ ಲೋಡು ತೆಗೆದುಕೊಂಡು ಹುಬ್ಬಳ್ಳಿಗೆ ಹೋಗಿದ್ದ. ಎಲ್ಲದರ ನಡುವೆ, ಹೊಸ ರವಿಕೆಕಣದ ಮೇಲೆ ನಮ್ಮ ರೌಟರ್ ಕುಳಿತಿತ್ತು. ಎರಡೂ ಆಂಟೆನಾಕ್ಕೆ ಚೆಂಡು ಹೂವಿನ ಮಾಲೆ, ಮೈತುಂಬ ವಿಭೂತಿ. ದೀಪ ಮಿನುಗುವುದು ಚೆಂದ ಕಾಣುತ್ತದೆಂದು ಕರೆಂಟನ್ನೂ ತೆಗೆದಿರಲಿಲ್ಲ.

ಎದುರಿಗೆ ಸವಿತಾಳ ಅತ್ತೆ ಗಂಗವ್ವ ಕುಳಿತಿದ್ದರು. ಎಪ್ಪತ್ತರ ಹತ್ತಿರದ ಹಿರಿಯ ಜೀವ. “ಬಾ ತಮ್ಮಾ, ಕುಂದ್ರು. ಹೋಳಿಗಿ ಹಾಕ್ತೇನಿ” ಎಂದರು. ಸವಿತಾ ಬಾಗಿಲಿಗೆ ಒರಗಿ ನಿಂತಿದ್ದಳು. ಇಸ್ತ್ರಿ ಮಾಡಿದ ಸೀರೆ, ಬಿಳಿಚಿದ ಮುಖ. ಇಂಟರ್‌ವ್ಯೂ ಇದೆ ಎಂಬುದನ್ನೇ ಆಕೆ ಅತ್ತೆಗೆ ಹೇಳಿರಲಿಲ್ಲ. ಆಗದೆ ಹೋದರೆ ಹಿರಿಯರಿಗೆ ಯಾಕೆ ಸಂಕಟ ಎಂದು ಸುಮ್ಮನಿದ್ದಳಂತೆ.

ಬಗ್ಗಿ ರೌಟರಿನ ದೀಪ ನೋಡಿದೆ. ‘ಪಾನ್’ ಎಂಬ ದೀಪ ಹಸಿರಾಗಿದ್ದರೆ ಆಫೀಸಿನಿಂದ ಬೆಳಕು ಬರುತ್ತಿದೆ ಎಂದು ಅರ್ಥ. ಹಸಿರೇ ಇತ್ತು. ಎಳೆ ಮುರಿದಿರಲಿಲ್ಲ, ಜೀವ ಬಂದಂತಾಯಿತು. ಆದರೆ ‘ಇಂಟರ್ನೆಟ್’ ದೀಪ ಆರಿತ್ತು. ನನ್ನ ಮೊಬೈಲಿನಲ್ಲಿ ವೈಫೈ ಹುಡುಕಿದರೆ, ನಾನೇ ಇಟ್ಟುಕೊಟ್ಟಿದ್ದ ಹೆಸರು ಮಾಯವಾಗಿ ಕಂಪನಿಯಿಂದ ಬರುವಾಗ ಇರುವ ಮೂಲ ಹೆಸರು ಕಂಡಿತು. ಅಂದರೆ ಯಾರೋ ರೌಟರನ್ನು ರೀಸೆಟ್ ಮಾಡಿದ್ದರು. ರೌಟರಿನ ಹಿಂದೆ ಒಂದು ಸಣ್ಣ ತೂತು ಇರುತ್ತದೆ. ಅದರೊಳಗೆ ಕಡ್ಡಿ ಹಾಕಿ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಒಳಗೆ ಬರೆದಿಟ್ಟ ಸೆಟ್ಟಿಂಗ್ ಎಲ್ಲವೂ ಅಳಿಸಿ, ಅದು ಹೊಚ್ಚ ಹೊಸದಾಗಿಬಿಡುತ್ತದೆ.

ಹಿಂದಕ್ಕೆ ಬಗ್ಗಿ ನೋಡಿದೆ. ಆ ತೂತಿನಲ್ಲಿ ಒಂದು ಊದಿನಕಡ್ಡಿ ನೆಟ್ಟಗೆ ನಿಂತು ಹೊಗೆ ಬಿಡುತ್ತಿತ್ತು!

ಮೂವತ್ತು ವರ್ಷದ ನೌಕರಿಯಲ್ಲಿ ಇಲಿ ಕಡಿದದ್ದು, ಸಿಡಿಲು ಹೊಡೆದದ್ದು, ಮಂಗ ಜೋತುಬಿದ್ದದ್ದು ಎಲ್ಲ ಕಂಡಿದ್ದೆ, ಇದೊಂದು ಕಂಡಿರಲಿಲ್ಲ. ಸಿಟ್ಟು ನೆತ್ತಿಗೇರಿತು. “ಯವ್ವಾ, ಇದೇನ್...” ಎಂದು ಬಾಯಿ ತೆರೆದೆ. ಸವಿತಾ ಅತ್ತೆಯ ಬೆನ್ನ ಹಿಂದಿನಿಂದ ಕೈ ಅಲುಗಿಸಿ, ಹೇಳಬೇಡಿ ಎಂದು ಕಣ್ಣಲ್ಲೇ ಬೇಡಿಕೊಂಡಳು. ಬಾಯಿ ಮುಚ್ಚಿದೆ. ಆದರೆ ಮುಚ್ಚಿಕೊಂಡು ಕೂಡುವ ಹೊತ್ತೂ ಇರಲಿಲ್ಲ.

“ಇದನ್ನ ಎತ್ತಬೇಕ್ರಿ ಯವ್ವಾ. ಸ್ವಲ್ಪ ಕೆಲಸ ಐತಿ.”

“ಛೇ, ಛೇ! ಬನ್ನಿ ಮುಡಿಯೂತನಕಾ ಅಲ್ಲಾಡಸಾಂಗಿಲ್ಲ. ನಾಳೆ ಬಾರಪಾ.”

“ಅಲ್ರಿ, ಇದನ್ಯಾಕ ಇಟ್ರಿ ಪೂಜಾಕ್ಕ? ಇದೇನ್ ಕೊಡ್ಲಿಯೋ ಕುಡುಗೋಲೋ?”

ಗಂಗವ್ವ ನನ್ನನ್ನು ವಿಚಿತ್ರವಾಗಿ ನೋಡಿದರು. “ಯಾಕಂದ್ರ? ನಮ್ಮ ಸವಿತಾ ದುಡಿಯೂದು ಇದರ ಮ್ಯಾಲಲ್ಲೇನು? ಎಲ್ಲಾರ ಸಾಮಾನ ಇಟ್ಟು, ಆಕಿದು ಬಿಡ್ಲೇನು?”

ನಾನು ಸವಿತಾಳ ಕಡೆ ನೋಡಿದೆ. ಆಕೆ ತುಟಿ ಕಚ್ಚಿ ನೆಲ ನೋಡುತ್ತಿದ್ದಳು. ಅತ್ತೆ ಇಷ್ಟು ಪ್ರೀತಿಯಿಂದ ಇಟ್ಟ ಪೂಜೆಯನ್ನು ಕೆಡಿಸು ಎಂದು ಆಕೆ ಎಂದೂ ಕೇಳುವವಳಲ್ಲ, ಕೆಲಸ ಕಳೆದುಕೊಂಡರೂ ಸರಿ. ಅದು ನನಗೆ ಅಲ್ಲೇ ಖಾತ್ರಿಯಾಯಿತು. ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಬೈದರೆ ಬೈಯಲಿ ಎಂದು ನಾನೇ ಹೇಳಿಬಿಟ್ಟೆ.

“ಯವ್ವಾ, ಹನ್ನೊಂದಕ್ಕ ಸವಿತಾಗ ಕೆಲಸ ಖಾಯಂ ಮಾಡೂ ಇಂಟರ್‌ವ್ಯೂ ಐತಿ. ಇದು ಚಾಲೂ ಆಗ್ಲಿಲ್ಲಂದ್ರ ಕೆಲಸ ಹೋಗ್ತೈತಿ.”

ಗಂಗವ್ವ ಸೊಸೆಯತ್ತ ತಿರುಗಿದರು. “ಹೌದೇನ ಸವಿತಾ?” ಆಕೆ ತಲೆಯಾಡಿಸಿದಳು. ಮುದುಕಿ ಮಂಡಿಯೂರಿ ಮಣೆಗೆ ಹಣೆ ಹಚ್ಚಿ, “ತಪ್ಪಾತ ತಾಯಿ” ಎಂದು ಗಲ್ಲ ಬಡಿದುಕೊಂಡರು. ನಾನು ಕೈ ಚಾಚಿದರೆ ತಡೆದರು. “ನಾ ಇಟ್ಟೇನಿ, ನಾನ ತೆಗೀತೇನಿ. ಏನಾರ ಆದ್ರ ನನಗ ಆಗ್ಲಿ.” ಎರಡೂ ಕೈಯಲ್ಲಿ ರೌಟರನ್ನು ಎತ್ತಿ ನನ್ನ ಮಡಿಲಿಗೆ ಇಟ್ಟರು. ಎತ್ತುವಾಗ ಊದಿನಕಡ್ಡಿ ಕಳಚಿ ಬಿತ್ತು. ಅದನ್ನು ನೋಡಿ, ನನ್ನ ಮುಖ ನೋಡಿ ಕೇಳಿದರು: “ಇದನ್ನ ಚುಚ್ಚಿದ್ದಕ್ಕ ಹಿಂಗಾತೇನು?”

“ಇಲ್ಲತ್ತಿ, ಲೈನಿಂದ ತೊಂದ್ರಿ” ಎಂದಳು ಸವಿತಾ. ನಾನೂ ಅವಸರದಲ್ಲಿ ಹೌದೆಂದೆ. ಗಂಗವ್ವ ಇಬ್ಬರನ್ನೂ ನೋಡಿ, ಬಿದ್ದ ಊದಿನಕಡ್ಡಿಯನ್ನು ಎತ್ತಿ ದೂರ ಇಟ್ಟರು. ತಿಳಿಯದ ಹೆಂಗಸಲ್ಲ.

ರೌಟರಿಗೂ ಲ್ಯಾಪ್‌ಟಾಪಿಗೂ ವಯರು ಜೋಡಿಸಿದೆ. ರೌಟರಿನ ಅಡಿಯ ಲೇಬಲ್ಲಿನಲ್ಲಿ ಒಳಹೋಗುವ ಪಾಸ್‌ವರ್ಡ್ ಅಚ್ಚಾಗಿರುತ್ತದೆ. ಅದರ ಮೇಲೆ ವಿಭೂತಿಯ ಮೂರು ಪಟ್ಟೆ! ಗಂಗವ್ವ ಸೆರಗು ಒದ್ದೆ ಮಾಡಿ ಒರೆಸಿಕೊಟ್ಟರು. ಬ್ರೌಸರಿನಲ್ಲಿ ರೌಟರಿನ ವಿಳಾಸ ಹೊಡೆದು ಒಳಗೆ ಹೋದೆ. ಲೈನಿನ ನಂಬರು ಬಾಯಿಪಾಠ ಇತ್ತು, ಯೂಸರ್ ಐಡಿಯೂ ಗೊತ್ತಿತ್ತು. ಉಳಿದದ್ದು ಲೈನಿನ ಪಾಸ್‌ವರ್ಡ್. ರೌಟರ್ ಆಫೀಸಿನ ಬಾಗಿಲು ತಟ್ಟಿದಾಗ ಒಳಗಿನಿಂದ ಕೇಳುವ ಗುರುತು ಅದು. ಪ್ರತಿ ಮನೆಗೂ ಬೇರೆ ಬೇರೆ ಇರುತ್ತದೆ. ಅದನ್ನು ಹೊಸದಾಗಿ ಹಾಕಿಕೊಡಲು ಆಗುವುದು ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ.

ಮಾಲೀಕ ರುದ್ರಪ್ಪನ ಮನೆ ಆಫೀಸಿನ ಮಾಳಿಗೆಯ ಮೇಲೆಯೇ ಇತ್ತು. ಸ್ಪೀಕರ್ ಹಾಕಿ ಫೋನ್ ಮಾಡಿ, ನಡೆದ ಸಂಗತಿ ಹೇಳಿದೆ.

“ಫಕ್ಕೀರಣ್ಣ, ಖರೇನ ಹೇಳಾಕತ್ತಿಯೋ ಚಾಷ್ಟಿ ಮಾಡಾಕತ್ತಿಯೋ? ಕಂಪ್ಯೂಟರಕ್ಕ ಈಗರ ಕಾಯಿ ಒಡದು ಬಂದೇನಿ. ನಾಳೆತನಕಾ ಯಾರೂ ಮುಟ್ಟಾಂಗಿಲ್ಲ.”

“ಒಂದ್ ಮನಿ ಅನ್ನದ ಪ್ರಶ್ನೆ ಐತ್ರಿ ಮಾಲಕ್ರ.”

“ನಂದೂ ಅನ್ನದ ಪ್ರಶ್ನೇನ. ಹ್ವಾದ ವರ್ಷ ಪೂಜಾ ಕೆಡಿಸಿದ್ದಕ್ಕ ಅರ್ಧ ಲೈನ್ ಸಿಡ್ಲಿಗೆ ಹ್ವಾತು. ನಾ ಒಲ್ಲೆ.”

ಸಿಟ್ಟು ಬಂತು. ಬೈಯಲಾರೆ. ಬೈದರೆ ಆತ ಫೋನ್ ಇಟ್ಟುಬಿಡುತ್ತಾನೆ, ಅಲ್ಲಿಗೆ ಕತೆ ಮುಗಿಯುತ್ತದೆ. ಏನು ಹೇಳಲಿ ಎಂದು ಹುಡುಕುತ್ತಿರುವಾಗ ಗಂಗವ್ವ ನನ್ನ ಕೈಯಿಂದ ಫೋನ್ ಕಸಿದುಕೊಂಡರು.

“ಯಪ್ಪಾ, ನಾ ಈ ಮನಿ ಹಿರಿಯಾಕಿ ಮಾತಾಡಾಕತ್ತೇನಿ. ತಪ್ಪು ನಂದೈತಿ, ನಿಮ್ಮ ಮಷಿನದ್ದಲ್ಲ. ಊದಿನಕಡ್ಡಿ ಚುಚ್ಚಿ ಸೊಸಿ ಅನ್ನದಾಗ ಮಣ್ಣ ಹಾಕೇನಿ. ನಾ ಇಟ್ಟ ಪೂಜಾ ನಾನ ತೆಗದೇನಿ. ನಿಮ್ಮ ಪೂಜಾ ಕೆಟ್ಟ ಪಾಪಾನೂ ನನಗ ಇರ್ಲಿ, ನಾ ಹೊರ್ತೇನಿ. ನೀವು ಆಕಿದೊಂದು ಚಾಲೂ ಮಾಡ್ರಿ. ನಿಮ್ಮ ಕಾಲಿಗೆ ಬೀಳ್ತೇನಿ.”

ಸವಿತಾ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ನಾನು ಫೋನ್ ಮರಳಿ ತೆಗೆದುಕೊಂಡು ಕಿವಿಗೆ ಹಿಡಿದೆ. ರುದ್ರಪ್ಪ ಮೆಟ್ಟಿಲು ಇಳಿಯುವ ಸದ್ದು ಕೇಳಿತು. “ಯವ್ವಗ ಹಂಗೆಲ್ಲಾ ಅನಬ್ಯಾಡ್ರಿ ಅಂತ ಹೇಳು” ಎಂದ.

ಕಂಪ್ಯೂಟರ್ ಚಾಲೂ ಆಗಲು ತನ್ನ ಹೊತ್ತು ತೆಗೆದುಕೊಂಡಿತು. ಆತ ಪಾಸ್‌ವರ್ಡ್ ಹೇಳತೊಡಗಿದಾಗ ದನಿ ತುಂಡು ತುಂಡಾಯಿತು. ನಾನು ಅಂಗಳಕ್ಕೆ ಓಡಿ, ಒಂದೊಂದೇ ಅಕ್ಷರ ಕೇಳಿ ಕೂಗಿ ಹೇಳಿದೆ, ಸವಿತಾ ಒಳಗೆ ಟೈಪ್ ಮಾಡಿದಳು. ಸೇವ್ ಒತ್ತಿದಳು. ದೀಪ ಹತ್ತಲಿಲ್ಲ. ಒಳಗೆ ಬಂದು ನೋಡಿದರೆ ಒಂದು ಅಂಕಿ ಬಿಟ್ಟುಹೋಗಿತ್ತು. ಗಡಿಯಾರ ಹನ್ನೊಂದು ಹೊಡೆಯಿತು. ಮತ್ತೆ ಮೊದಲಿನಿಂದ ಕೇಳಿಸಿಕೊಂಡು ಹೊಡೆದೆ, ಸೇವ್ ಒತ್ತಿದೆ. ಮೂವರೂ ಆ ಪೆಟ್ಟಿಗೆಯನ್ನೇ ನೋಡಿದೆವು. ಇಂಟರ್ನೆಟ್ ದೀಪ ಎರಡು ಸಲ ಮಿನುಗಿ ಹಸಿರಾಗಿ ನಿಂತಿತು.

ವೈಫೈಗೆ ಹೆಸರಿಡುತ್ತ ಕೂಡಲಿಲ್ಲ, ವಯರಿನಲ್ಲೇ ನಡೆಯಲಿ ಎಂದೆ. ಸವಿತಾ ಕಣ್ಣೊರೆಸಿಕೊಂಡು ಹೆಡ್‌ಫೋನ್ ಹಾಕಿಕೊಂಡಳು. ನಾವಿಬ್ಬರೂ ಹೊರಗಿನ ಕಟ್ಟೆಯ ಮೇಲೆ ಕುಳಿತೆವು. ಬಾಗಿಲು ಅರೆ ತೆರೆದಿತ್ತು. ಯಾಕೆ ತಡವಾಯಿತೆಂದು ಅವರು ಕೇಳಿರಬೇಕು, ಆಕೆ ಇಂಗ್ಲಿಷಿನಲ್ಲಿ ಉತ್ತರ ಹೇಳುವುದು ಕೇಳಿಸಿತು. ಗಂಗವ್ವ ನನ್ನ ತೋಳು ಹಿಡಿದರು.

“ಏನಂದ್ಲು? ನಾ ಕೆಡಿಸಿದೆ ಅಂತ ಹೇಳಿದ್ಲೇನು?”

“ಇಲ್ಲ ಯವ್ವಾ. ಇವತ್ತ ನಮ್ಮ ಕಡೆ ದುಡಿಮಿ ಸಾಮಾನ ಪೂಜಾ ಮಾಡ್ತಾರ, ನಮ್ಮತ್ತಿ ಈ ಸಲ ನಂದೂ ಇಟ್ಟಿದ್ರು, ಅದಕ್ಕ ತಡಾ ಆತು ಅಂದ್ಲು.”

ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡರು. ನನಗೂ ಕಣ್ಣು ತುಂಬಿ ಬಂದವು. ಅದನ್ನು ಮುಚ್ಚಿಡಲು ಬೈಕಿನ ಚೈನು ನೋಡುವವನಂತೆ ಎದ್ದು ಹೋದೆ.

ವಾರದ ಮೇಲೆ ಸವಿತಾ ಫೋನ್ ಮಾಡಿ, ಕೆಲಸ ಖಾಯಂ ಆಯಿತು ಎಂದಳು. ಈಗ ನಾನು ಆ ಏಜೆನ್ಸಿಯನ್ನೂ ಬಿಟ್ಟಿದ್ದೇನೆ. ಆದರೆ ಬಿಡುವ ತನಕ ಒಂದು ರೂಢಿ ಪಾಲಿಸಿದೆ. ಮೊದಲೆಲ್ಲ ರೌಟರ್ ಕೂರಿಸಿದ ಮೇಲೆ, ಮನೆಯಲ್ಲಿ ಯಾರು ಕಲಿತವರೋ ಅವರಿಗಷ್ಟೇ ಹೇಳಿಕೊಟ್ಟು ಬರುತ್ತಿದ್ದೆ. ಆ ಖಂಡೇನವಮಿಯ ನಂತರ, ಮನೆಯನ್ನು ದಿನಾ ಒರೆಸಿ ಒಪ್ಪ ಮಾಡುವ ಹಿರಿಯ ಹೆಂಗಸನ್ನು ಮೊದಲು ಕರೆಯುತ್ತಿದ್ದೆ. ಈ ದೀಪ ಇದಕ್ಕೆ, ಈ ತೂತು ಅದಕ್ಕೆ ಎಂದು ತೋರಿಸುತ್ತಿದ್ದೆ. ಹೇಳುವಾಗ ನನ್ನ ದನಿ ಏರಿದ್ದಿಲ್ಲ. ಈ ಪೆಟ್ಟಿಗೆಯ ಮೇಲೆ ಮನೆಯಲ್ಲಿ ಯಾರು ದುಡಿಯುತ್ತಾರೆ ಎಂದು ಆ ತಾಯಂದಿರನ್ನೇ ಕೇಳುತ್ತಿದ್ದೆ. ಹೆಚ್ಚಿನ ಮನೆಗಳಲ್ಲಿ ಅವರು ಹೇಳುತ್ತಿದ್ದದ್ದು ಸೊಸೆಯ ಹೆಸರನ್ನೇ, ತಡವರಿಸದೆ.