ಹುಳುಮನೆಯ ಮಡಿ, ಸಮುದ್ರದ ಮೀನು

ಮೊನ್ನೆ ನಮ್ಮ ಬೀದಿಯ ನೀರಿನ ಟ್ಯಾಂಕ್ ತೊಳೆದರು. ಬ್ಲೀಚಿಂಗ್ ಪುಡಿಯ ಘಾಟಿಗೆ ಎಲ್ಲರೂ ಮೂಗು ಮುಚ್ಚಿಕೊಂಡರೆ ನಾನೊಬ್ಬಳು ನಗುತ್ತ ನಿಂತಿದ್ದೆ. ಮಡಕಶಿರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡಮ್ಮ ನೆನಪಾಗಿದ್ದರು…

ದೊಡ್ಡಮ್ಮ ರೇಷ್ಮೆ ಹುಳು ಸಾಕುತ್ತಿದ್ದರು. ಹುಳುವಿನ ತಟ್ಟೆಗಳನ್ನು ಬ್ಲೀಚಿಂಗ್ ನೀರಿನಲ್ಲೇ ತೊಳೆಯುತ್ತಿದ್ದರು; ಹುಳುಮನೆಯ ಬಾಗಿಲಲ್ಲೂ ಅದೇ ನೀರಿನ ಬೋಗುಣಿ ಸದಾ ಇರುತ್ತಿತ್ತು. ಅದರಲ್ಲಿ ಕೈ ಅದ್ದದೆ ಅವರ ಗಂಡನಿಗೂ ಒಳಗೆ ಪ್ರವೇಶವಿರಲಿಲ್ಲ. ಬೇಕಾದರೆ ದೇವರ ಮನೆಗೆ ಹಾಗೇ ಹೋಗಿ, ಇಲ್ಲಿಗೆ ಬೇಡ ಎನ್ನುತ್ತಿದ್ದರು. ಹುಳುವಿಗೆ ರೋಗ ತಗುಲಿದರೆ ಇಡೀ ಬೆಳೆಯೇ ಹೋಗುತ್ತಿತ್ತು.

ಚೆನ್ನೈಯಲ್ಲಿದ್ದ ಮಗಳು ಮನೆ ಬದಲಿಸುವಾಗ ತನ್ನ ಗಾಜಿನ ತೊಟ್ಟಿಯನ್ನು ಕೆಲವು ದಿನಗಳ ಮಟ್ಟಿಗೆ ಅಮ್ಮನ ಬಳಿ ಬಿಟ್ಟುಹೋದಳು. ಉಪ್ಪುನೀರು, ಅದರಲ್ಲಿ ಕಿತ್ತಳೆ ಮೈಯ, ಬಿಳಿ ಪಟ್ಟೆಯ ಎರಡು ಸಮುದ್ರದ ಮೀನು. ಅಗಳಿಯಿಂದ ಬಂದ ನೆಂಟರು ತೊಟ್ಟಿಗೆ ಕೈಮುಗಿದರು. ಸಮುದ್ರವೇ ಮನೆಗೆ ಬಂದಿರುವಾಗ ಕೈಮುಗಿಯದಿದ್ದರೆ ಹೇಗೆ? ದೊಡ್ಡಮ್ಮನಂತೂ ಬಾಣಂತನ ಮಾಡುವವರ ಹಾಗೆ ಆ ಮೀನುಗಳ ಆರೈಕೆಗೆ ನಿಂತರು.

ಒಂದು ಬೆಳಿಗ್ಗೆ ಒಂದು ಮೀನು ಸತ್ತು ತೇಲುತ್ತಿತ್ತು. ದೊಡ್ಡಮ್ಮ ಅತ್ತೇಬಿಟ್ಟರು. ಇನ್ನೊಂದನ್ನಾದರೂ ಮಗಳ ಕೈಗೆ ಜೀವಂತ ಒಪ್ಪಿಸಬೇಕಿತ್ತು. ಗಂಡ ದೃಷ್ಟಿಯಾಗಿದೆ ಎಂದರು. ದೊಡ್ಡಮ್ಮನಿಗೆ ಮಗಳು ಕೊಟ್ಟುಹೋದ ಉಪ್ಪಿನ ಪೊಟ್ಟಣದ ಮೇಲೇ ಅನುಮಾನ. ಚಿಟಿಕೆ ನಾಲಿಗೆಗಿಟ್ಟು, ಇದು ಸಾರಿಗೂ ಆಗದ ಉಪ್ಪು ಎಂದು ತೀರ್ಪು ಕೊಟ್ಟರು. ನಾನು ಮೇವು ಹೆಚ್ಚಾಯಿತೇನೋ ಎಂದೆ. ಹೀಗೆ ಮೂರು ನಾಲ್ಕು ದಿನ ತಲೆಗೊಂದು ಮಾತಾಡುತ್ತಿರುವಾಗಲೇ ಉಳಿದ ಮೀನೂ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿತು.

ದೊಡ್ಡಮ್ಮ ಸೆರಗು ಸಿಕ್ಕಿಸಿ, ಒದ್ದೆ ಬಟ್ಟೆ ತಂದು ತೊಟ್ಟಿಯ ಗಾಜನ್ನು ಒಳಗಿನಿಂದ ಉಜ್ಜಲು ನಿಂತರು. ನನಗೆ ಮೂಗು ಉರಿಯಿತು. ಯಾವ ನೀರಿನಲ್ಲಿ ಅದ್ದಿದಿರಿ ಎಂದು ಕೇಳಿದೆ.

"ಹುಳಿನ್ ತಟ್ಟೆ ತೊಳಿಯೋ ನೀರೇ ಕಣವ್ವ. ವಾರಕ್ಕೊಂದ್ಸಲ ಒರೆಸ್ತಿದ್ದೆ, ಅದು ಸಾಲ್ದೇ ಸತ್ತೋಯ್ತೇನೋ ಅಂತ ಈಗ ದಿನಾ…"

ಅವರ ಕೈ ನಿಂತಿತು. ಬಟ್ಟೆಯನ್ನು ಮೂಸಿದರು. ಕಣ್ಣಿಗೆ ಕಾಣದ ರೋಗವನ್ನೇ ಕೊಲ್ಲುವ ನೀರು ಬೆರಳುದ್ದದ ಮೀನನ್ನು ಬಿಟ್ಟೀತೆ? ಫೋನಿನಲ್ಲಿ ಮಗಳೂ ಅದನ್ನೇ ಹೇಳಿದಳು. ಬೈಯಲಿಲ್ಲ, ಬೇಗ ನೀರು ಬದಲಿಸು ಎಂದಳು. ಬೈಸಿಕೊಂಡಿದ್ದ ಅದೇ ಉಪ್ಪನ್ನು ಹೊಸ ನೀರಿಗೆ ಕಲಸಿ, ಮೀನನ್ನು ಅದಕ್ಕೆ ಬಿಟ್ಟು, ಗಂಡ ಹೆಂಡತಿ ಮತ್ತು ನಾನು ಸುತ್ತ ಕೂತೆವು. ಸಂಜೆಗೆ ಅದು ಮೇವಿಗೆ ಬಾಯಿ ಹಾಕಿತು. ದೊಡ್ಡಮ್ಮ ನನ್ನ ಕೆನ್ನೆ ಹಿಂಡಿ ನಕ್ಕೇ ನಕ್ಕರು.

"ಮಡಿ ಮಾಡಿ ಮಾಡಿ ಒಂದನ್ನ ಕೊಂದೆ. ಇದನ್ನ ಒಸಿ ಗಲೀಜಾಗೇ ಸಾಕ್ತೀನಿ ಬಿಡವ್ವ."

ಹಾಗೇ ಸಾಕಿದರು, ಹಾಗೇ ಮಗಳ ಕೈಗೆ ಒಪ್ಪಿಸಿದರು.

ದೊಡ್ಡಮ್ಮ ತೀರಿಕೊಂಡು ವರ್ಷದ ಮೇಲಾಯಿತು. ಮೊನ್ನೆ ತಡೆಯಲಾರದೆ ಅವರ ಮಗಳಿಗೆ ಫೋನ್ ಮಾಡಿದೆ. ಆ ಮೀನು ಇನ್ನೂ ಇದೆ! ವಿಡಿಯೋದಲ್ಲಿ ತೋರಿಸಿದಳು. ಗಾಜಿಗೆ ಹಸಿರು ಪಾಚಿ ಕಟ್ಟಿತ್ತು. ಇದನ್ನು ಒರೆಸುವುದಿಲ್ಲವೇ ಎಂದು ಕೇಳಿದೆ.

"ಅಮ್ಮ ಬ್ಯಾಡ ಅಂದಿದ್ಳಲ್ಲ," ಎಂದಳು.

ನಗು ಬಂತು. ದೊಡ್ಡಮ್ಮ ಇದನ್ನು ಕೇಳಬೇಕಿತ್ತು ಅನ್ನಿಸಿತು… ಬಹಳ ಅನ್ನಿಸಿತು.