ಗುರುಪಾದಯ್ಯನವರ ತಲೆಯೊಳಗಿನ ಗೋಡಂಬಿ

ಬಿಜ್ಜರಗಿಯ ಜಂಗಮರಾದ ಗುರುಪಾದಯ್ಯನವರು ಯಾರ ಮನೆಯ ಊಟವನ್ನೂ ಒಲ್ಲೆ ಎಂದವರಲ್ಲ. ಕೂಸಿಗೆ ಲಿಂಗ ಕಟ್ಟಲು ಕರೆಯಲಿ, ಹೊಸ ಬೋರ್‌ವೆಲ್ಲಿನ ಪೂಜೆಗೆ ಕರೆಯಲಿ, ಅಯ್ಯನವರು ಪ್ರಸಾದ ಮಾಡದೆ ಎದ್ದರೆ ಆ ಮನೆಯವರು ನೊಂದುಕೊಳ್ಳುತ್ತಾರೆ ನೋಡಿ. ಹೋಳಿಗೆಯ ಮೇಲೆ ತುಪ್ಪ ಬಿದ್ದರಂತೂ ಆ ಕಾಳಜಿ ಇನ್ನಷ್ಟು ಹೆಚ್ಚುತ್ತಿತ್ತು, ಆ ಮಾತು ಬೇರೆ!

ಅಂಥವರ ಬಲಗೈ ಹೋದ ವರ್ಷ ನಡುಗತೊಡಗಿತು. ನಡಿಗೆಯೂ ನಿಧಾನವಾಯಿತು. ಕಳ್ಳಕವಟಗಿಯ ಶಂಕ್ರೆವ್ವನ ಮೊಮ್ಮಗಳಿಗೆ ಲಿಂಗ ಕಟ್ಟುವಾಗ ಗಂಟು ಬೀಳಲೇ ಇಲ್ಲ. "ಅಯ್ಯಾರ, ನೀವು ಮಂತ್ರ ಹೇಳ್ರಿ, ಗಂಟ ನಾ ಹಾಕ್ತೀನಿ," ಎಂದು ಆಕೆ ಕೂಸನ್ನು ಮೆಲ್ಲಗೆ ಎತ್ತಿಕೊಂಡಳು. ಕೂಸನ್ನು ಕೈಗೆ ಕೊಡದಂತಾದ ಮೇಲೆ ತಾನ್ಯಾವ ಅಯ್ಯ ಎಂದು ಗುರುಪಾದಯ್ಯನವರು ಮನೆಯ ದಾರಿಯುದ್ದಕ್ಕೂ ತಮ್ಮನ್ನೇ ಕೇಳಿಕೊಂಡರು.

ಜಲನಗರದ ನರರೋಗದ ಡಾಕ್ಟರು ಮೇಘಾ, "ಪಾರ್ಕಿನ್ಸನ್ ಇರಬಹುದು, ಬ್ಯಾರೆ ಕಾರಣಾನೂ ಇರಬಹುದು," ಎಂದು ಮಿದುಳಿನ ಸ್ಕ್ಯಾನಿಗಾಗಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ವಿಕಿರಣದ ಔಷಧಿ ಚುಚ್ಚಿ, ಅದು ಮಿದುಳು ಸೇರುವ ತನಕ ಕೂರಿಸಿ, ಆಮೇಲೆ ಯಂತ್ರದಡಿ ಮಲಗಿಸಿದರು.

"ಇವತ್ತೊಂದಿನ ಸಣ್ಣ ಕೂಸುಗಳನ್ನ ಎತ್ತಿಕೋಬ್ಯಾಡ್ರಿ," ಎಂದಳು ನರ್ಸು.

"ಯಾರ ಕೊಡ್ತಾರ ತಂಗಿ?" ಎಂದರು ಅಯ್ಯನವರು.

ಸ್ಕ್ಯಾನ್ ನೋಡಿ ಮೇಘಾ ನಕ್ಕರು. ಔಷಧಿ ಹೀರಿದ ಮಿದುಳಿನ ಭಾಗಗಳು ಕಪ್ಪು ಪರದೆಯ ಮೇಲೆ ಥಳಥಳಿಸುವ ಎರಡು ಗೋಡಂಬಿಯಂತೆ ಕಂಡವು! "ಪಾರ್ಕಿನ್ಸನ್ ಇದ್ರ ಇವುಗಳ ಬಾಲ ಸವದು ಬರೇ ಬೊಟ್ಟ ಉಳೀತಿತ್ತು. ನಿಮ್ಮವು ಪೂರಾ ಅದಾವ. ಖರೇ ಹೇಳ್ರಿ, ದಿನಾ ಏನ್ ಗುಳಗಿ ತಗೋತೀರಿ?"

"ಗುಳಗಿ ಎಲ್ಲೀದವ್ವಾ? ಏನೂ ಇಲ್ಲ."

ಹೆಂಡತಿ ವಿಜಯಲಕ್ಷ್ಮೀಗೆ ತಡೆಯಲಾಗಲಿಲ್ಲ. "ಪ್ರಸಾದಕ್ಕ ಹೋಗೂ ಮೊದ್ಲ ಒಂದು, ಬಂದ ಮ್ಯಾಲ ಒಂದು ಗ್ಯಾಸಿನ ಗುಳಗಿ ನುಂಗ್ತಾರ್ರಿ! ವರ್ಷಗಟ್ಲೆ ಆತು!"

"ಅದೇನ್ ಔಷಧ ಏನ? ಅದು ಊಟದ್ದು," ಎಂದರು ಅಯ್ಯನವರು.

ಆ ಗುಳಿಗೆಯೇ ಕಳ್ಳ! ಡಾಕ್ಟರನ್ನು ಕೇಳದೆ ಬಹಳ ದಿನ ನುಂಗಿದರೆ ಅಂಥ ಕೆಲವು ಗುಳಿಗೆ ಕೈ ನಡುಗಿಸುತ್ತವಂತೆ. ಮೇಘಾ ಅದನ್ನು ಬಿಡಿಸಿದರು; ಸುಧಾರಿಸಲು ತಿಂಗಳುಗಳೇ ಬೇಕು ಎಂದರು. ಅಯ್ಯನವರು ಕುರ್ಚಿಯಲ್ಲೇ ಬಿಕ್ಕಿ ಬಿಕ್ಕಿ ಅತ್ತರು. "ಆ ಜಡ್ಡ ಇಲ್ಲಂದ್ರ ಅಳೂದ್ಯಾಕ?" ಎಂದು ಗದರಿಸುತ್ತ ವಿಜಯಲಕ್ಷ್ಮೀಯೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಳೆಗಾಲದ ಹೊತ್ತಿಗೆ ಕೂಸಿಗೆ ಲಿಂಗ ಕಟ್ಟಲು ತಿಕೋಟಾದಿಂದ ಕರೆ ಬಂತು. ಕೈ ಇನ್ನೂ ಚೂರು ಅದುರುತ್ತಿತ್ತು. ಅಯ್ಯನವರು ಹೆದರುತ್ತಲೇ ಚಾಪೆಯ ಮೇಲೆ ಕುಳಿತರು. ಬಾಣಂತಿ ಸಬೂಬು ಹೇಳಲಿಲ್ಲ, ಅನುಮಾನಿಸಲಿಲ್ಲ. ಕೂಸನ್ನು ಅವರ ತೊಡೆಯ ಮೇಲೆ ಮಲಗಿಸಿ, "ಹಿಡೀರಿ ಅಯ್ಯಾರ, ಹಾಲು ಉಕ್ಕಾಕತ್ತಾವು," ಎನ್ನುತ್ತ ಅಡುಗೆಮನೆಗೆ ಓಡಿದಳು.