ಗುಂಡಿಗೆ ನೀರು ಬಿಡುತ್ತಿದ್ದ ಗಂಗಣ್ಣ ಮಾವ

ಗಂಗಣ್ಣ ಮಾವ ಬೆಳಿಗ್ಗೆ ಎದ್ದು ತೆಂಗಿನ ಸಸಿಗಳಿಗೆ ನೀರು ಬಿಡುವ ಮೊದಲು ರಸ್ತೆಯ ಗುಂಡಿಗಳಿಗೆ ನೀರು ಬಿಡುತ್ತಿದ್ದರು. ಹೆಗಲ ಮೇಲೆ ಹಸಿರು ಪೈಪು, ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ ಪಂಚೆ, ಬಾಯಲ್ಲಿ ಬೇವಿನ ಕಡ್ಡಿ. ಒಂದು ಗುಂಡಿ ತುಂಬಿದ ಮೇಲೆ ಅದರೊಳಗೆ ಕಾಲಿಟ್ಟು ತುಳಿದು ನೋಡುವರು. ಕೆಸರು ತೀರಾ ತೆಳ್ಳಗಾದರೆ ಜೀಪು ಸಲೀಸಾಗಿ ದಾಟಿಬಿಡುತ್ತದೆ, ತೀರಾ ಗಟ್ಟಿಯಾದರೆ ಚಕ್ರ ಹೂತುಕೊಳ್ಳುವುದೇ ಇಲ್ಲ. "ಮುದ್ದೆ ಹದಕ್ಕಿಂತ ಒಂಚೂರು ಸಡ್ಲ ಇರ್ಬೇಕು ಕಣವ್ವ," ಎಂದು ನನಗೆ ಅಡುಗೆ ಹೇಳಿಕೊಡುವವರಂತೆ ಹೇಳುತ್ತಿದ್ದರು. ಹಾಗೆ ಹದ ಬಂದ ಮೇಲೆಯೇ ಮುಂದಿನ ಗುಂಡಿಗೆ ಹೋಗುತ್ತಿದ್ದರು.

ಮಾವ ನಮ್ಮಮ್ಮನ ಕಿರಿಯ ತಮ್ಮ. ಅವರ ಊರು ಹುಲಿಯೂರುದುರ್ಗದ ಹತ್ತಿರದ ಒಂದು ಸಣ್ಣ ಪಾಳ್ಯ. ಡಾಂಬರು ರಸ್ತೆಯಿಂದ ಅಲ್ಲಿಗೆ ಮೂರು ಕಿಲೋಮೀಟರು ಮಣ್ಣಿನ ದಾರಿ. ಆ ದಾರಿಯ ಗುಂಡಿಗಳಿಗೆಲ್ಲ ಅವರು ಹೆಸರಿಟ್ಟಿದ್ದರು. ಮಗಳ ನಿಶ್ಚಿತಾರ್ಥಕ್ಕೆ ಬಂದ ಗುಬ್ಬಿಯ ಬೀಗರ ಕಾರು ಸಿಕ್ಕಿಹಾಕಿಕೊಂಡದ್ದು ಬೀಗರ ಗುಂಡಿ. ಓಟು ಕೇಳಲು ಬಂದವರು ವಾಪಸು ಹೋದದ್ದು ಓಟಿನ ಗುಂಡಿ. ನನ್ನ ಹೆಸರಲ್ಲೂ ಒಂದಿತ್ತು. ಸ್ಕೂಟರ್ ಕಲಿತ ಹೊಸದರಲ್ಲಿ ನಾನು ಅಲ್ಲಿ ಬಿದ್ದಿದ್ದೆ. ಅದನ್ನು ಮರೆಯಲು ಅವರು ಬಿಡಲಿಲ್ಲ.

ಈ ಹುಚ್ಚು ಅವರಿಗೆ ಹಿಡಿದದ್ದು ಕರಾವಳಿಯಲ್ಲಿ. ಕೆಲವು ವರ್ಷಗಳ ಹಿಂದೆ ನಾವು ಮನೆಮಂದಿಯೆಲ್ಲ ಕುಂದಾಪುರದ ಕಡೆ ಹೋಗಿದ್ದೆವು. ಸಮುದ್ರ ನೋಡಿ ಮುಗಿದ ಮೇಲೆ ನನ್ನ ಗಂಡ ಒಂದು ಜೀಪ್ ಟೂರು ಗೊತ್ತು ಮಾಡಿದರು. ತೀರ ಬಿಟ್ಟು ಒಳನಾಡಿಗೆ ನುಗ್ಗಿ, ಗೇರುಗುಡ್ಡ, ಕೆಂಪು ಮುರಕಲ್ಲಿನ ಕೊರಕಲು, ಹಳ್ಳ ಎಲ್ಲವನ್ನೂ ಹತ್ತಿಸಿ ಇಳಿಸಿ ಸಂಜೆಗೆ ವಾಪಸು ತಂದು ಬಿಡುತ್ತಾರೆ. ಜೀಪು ಒಂದು ಕಡೆ ವಾಲಿದಾಗ ನಾವು ಕಿರುಚುವುದು, ಇನ್ನೊಂದು ಕಡೆ ವಾಲಿದಾಗ ನಗುವುದು ನಡೆದಿತ್ತು. ಡ್ರೈವರು "ಗಟ್ಟಿ ಹಿಡ್ಕಣಿ ಮಾರಾಯ್ರೆ!" ಎಂದು ಕೂಗಿ ಕೂಗಿ ಹುರಿದುಂಬಿಸುತ್ತಿದ್ದ. ಮಾವ ಮಾತ್ರ ಕುಣಿಗಲ್ ಬಸ್ಸಿನಲ್ಲಿ ಕೂತವರಂತೆ ಹಿಂದಿನ ಸೀಟಿನಲ್ಲಿ ಕೂತು ಆಕಳಿಸುತ್ತಿದ್ದರು. ಅರ್ಧ ದಾರಿಯಲ್ಲಿ ಮುಂದಕ್ಕೆ ಬಗ್ಗಿ ಡ್ರೈವರನ್ನು ಕೇಳಿದರು.

"ತಮ್ಮಾ, ಟೂರು ಯಾವಾಗ ಶುರುವಾಗೋದು?"

ಆ ಬಡಪಾಯಿಗೆ ಅವಮಾನವಾಗಿರಬೇಕು. ಜೀಪನ್ನು ಹಳ್ಳಕ್ಕಿಳಿಸಿ, ಬಂಡೆ ಹತ್ತಿಸಿ, ನಾವು ಒಬ್ಬರ ಮೇಲೊಬ್ಬರು ಬೀಳುವಂತೆ ಮಾಡಿದ. ಇಳಿದ ಮೇಲೆ ನನ್ನ ಗಂಡ ದುಡ್ಡು ಕೊಡುವುದನ್ನು ನೋಡಿ ಮಾವ ನಿಂತಲ್ಲೇ ನಿಂತುಬಿಟ್ಟರು.

"ಇದಕ್ಕೆ ದುಡ್ಡಾ? ನಮ್ಮೂರ್ ಜನ ದಿನಾ ಬಿಟ್ಟಿ ಓಡಾಡ್ತಾವ್ರಲ್ಲವ್ವಾ!"

ಊರಿಗೆ ಬಂದ ತಿಂಗಳೊಳಗೆ ಮಾವನ ಟೂರು ಶುರುವಾಯಿತು. ತೆಂಗಿನಕಾಯಿ ಸಾಗಿಸುತ್ತಿದ್ದ ಹಳೇ ಜೀಪಿಗೆ ಎರಡು ಬೆಂಚು ಕೂರಿಸಿದರು. ತುಮಕೂರಿನ ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ಕೂತು ಫೋನು ಎತ್ತುವ ಕೆಲಸ, ಫೋಟೋ ಹಾಕುವ ಕೆಲಸ ನನ್ನದಾಯಿತು. ಭಾನುವಾರ ಬಂತೆಂದರೆ ತುಮಕೂರಿನ ಕಾಲೇಜು ಹುಡುಗಿಯರು, ಬೆಂಗಳೂರಿನ ಸಂಸಾರಗಳು ಬರತೊಡಗಿದವು. ಕರಾವಳಿಯಲ್ಲಾದರೆ ಮಳೆ ತಾನಾಗಿಯೇ ಸುರಿದು ಕೆಸರು ಮಾಡಿಕೊಡುತ್ತದೆ. ನಮ್ಮ ಸೀಮೆಯ ಮಳೆಯನ್ನು ನಂಬಿ ಯಾರಾದರೂ ಟೂರು ನಡೆಸುವುದುಂಟೇ? ಅದಕ್ಕೇ ಆ ಪೈಪು.

ತೊಂದರೆ ಎಂದರೆ ಊರಿನವರ ಒಳ್ಳೆಯತನ. ಜೀಪು ಹೂತುಕೊಂಡು ಒಳಗಿದ್ದವರು ಖುಷಿಯಿಂದ ಕೂಗಿದ್ದೇ ತಡ, ಪಕ್ಕದ ಹೊಲದ ಚಿಕ್ಕಣ್ಣ ರಾಗಿ ಕೊಯ್ಲನ್ನು ಅರ್ಧಕ್ಕೆ ಬಿಟ್ಟು ಟ್ರ್ಯಾಕ್ಟರ್ ತಂದು ಎಳೆದು ಹಾಕಿಬಿಡುತ್ತಿದ್ದ. ಮೇಲಾಗಿ ಮಾವನಿಗೇ ಬೈಗುಳ.

"ಪ್ಯಾಟೆಯಿಂದ ಬಂದೋರ್ನ ಹಿಂಗೆ ಗೋಳಾಡುಸ್ತಾರೇನ್ಲಾ ಗಂಗ?"

"ಇನ್ನೊಂದ್ ಐದ್ ನಿಮ್ಷ ಸಿಕ್ಕಾಕೊಂಡಿರ್ಲಿ ಬುಡ್ಲಾ, ಅದಕ್ಕೇ ಬಂದವ್ರೆ ಅವ್ರು!"

ಚಿಕ್ಕಣ್ಣನಿಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. ಒಂದು ಶನಿವಾರ ಮರುಕ ತಡೆಯಲಾರದೆ ಎರಡು ಲೋಡು ತೆಂಗಿನ ಸಿಪ್ಪೆ ತಂದು ಓಟಿನ ಗುಂಡಿಗೆ ಸುರಿದು, ಮೇಲೆ ಮಣ್ಣು ಹಾಕಿ ಮಟ್ಟ ಮಾಡಿಬಿಟ್ಟ. ಭಾನುವಾರ ಬೆಳಿಗ್ಗೆ ಪೈಪು ಹೊತ್ತು ಹೋದ ಮಾವ ಆ ಮಟ್ಟಸವಾದ ದಾರಿ ನೋಡಿ ಅಲ್ಲೇ ಕುಕ್ಕರಿಸಿದರಂತೆ. ಆಮೇಲೆ ಅತ್ತೆ ಪುಟ್ಟಮ್ಮನೂ ಅವರೂ ಸೇರಿ ಸಿಪ್ಪೆಯನ್ನೆಲ್ಲ ಕಿತ್ತು ಹಾಕಿದರು. ಅತ್ತೆ ಆ ದಿನ ಬಂದವರಿಗೆ ಅವರೇಕಾಳು ಸಾರು ಬಡಿಸುತ್ತ ಇಡೀ ಕಥೆಯನ್ನು ಹೇಳಿ ಮಾವನ ಮಾನ ಕಳೆದರು.

ಇಷ್ಟೆಲ್ಲ ಇದ್ದರೂ ಮಾವ ಬಿಡದೆ ನಡೆಸಿಕೊಂಡು ಬಂದ ಇನ್ನೊಂದು ಪದ್ಧತಿ ಇತ್ತು. ಪ್ರತಿ ವರ್ಷ ಸಂಕ್ರಾಂತಿ ಕಳೆದ ಸೋಮವಾರ ಊರಿಗೆ ರಸ್ತೆ ಬೇಕೆಂದು ಸರ್ಕಾರಿ ಕಚೇರಿಯೊಂದಕ್ಕೆ ಅರ್ಜಿ ಕೊಡುವುದು. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಅರ್ಜಿ ಬರೆಯುವವಳು ನಾನೇ. ಅದಕ್ಕೆ ಒಂದು ಸಲವೂ ಉತ್ತರ ಬಂದಿರಲಿಲ್ಲ. ಟೂರು ಶುರುವಾದ ಮೇಲೂ ಅವರು ಬಿಳಿ ಹಾಳೆ ಹಿಡಿದು ಬಂದಾಗ ನನಗೆ ನಗು ಬಂತು.

"ಮಾವಾ, ಈಗಲೂ ಕೊಡಬೇಕಾ?"

"ಕೊಡ್ದೆ ಇದ್ರೆ ಆ ಕಚೇರಿಯೋರು ಏನ್ ತಿಳ್ಕೋತಾರವ್ವ? ಗಂಗಣ್ಣಂಗೆ ಹುಷಾರಿಲ್ವೇನೋ ಅನ್ಕೋತಾರೆ."

ಆ ವರ್ಷ ಅರ್ಜಿಯ ಜೊತೆ ಫೋಟೋ ಇಡಬೇಕೆಂದರು. ನನ್ನ ಫೋನಿನಲ್ಲಿ ಇದ್ದದ್ದು ಟೂರಿನ ಫೋಟೋಗಳು. ಹಿಂದೆ ಮುಂದೆ ಯೋಚಿಸದೆ ಮೂರು ಫೋಟೋ ಪ್ರಿಂಟ್ ಹಾಕಿಸಿ ಅಂಟಿಸಿದೆ. ಎರಡೂ ಕೈ ಮೇಲೆತ್ತಿ ಬಾಯಿ ಬಿಟ್ಟು ಕೂಗುತ್ತಿರುವ ಒಬ್ಬ ಹುಡುಗಿ. ಸ್ಟೆಪ್ನಿಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿರುವ ದಪ್ಪನೆಯ ಗಂಡಸು. ತೊಡೆಯವರೆಗೆ ಕೆಸರಲ್ಲಿ ನಿಂತು ನಗುತ್ತಿರುವ ಅಜ್ಜಿ. ಅಜ್ಜಿಯ ನಗು ಫೋಟೋದಲ್ಲಿ ಥೇಟ್ ಅಳುವಂತೆ ಕಾಣುತ್ತಿತ್ತು. ಕಚೇರಿಯಲ್ಲಿ ಯಾರೋ ಹೊಸ ಅಧಿಕಾರಿ ಇದನ್ನು ನೋಡಿ ಕಣ್ಣೀರು ಹಾಕಿದರೆಂದು ಸುದ್ದಿ. ಮಾರ್ಚಿನಲ್ಲಿ ರಸ್ತೆ ಮಂಜೂರಾಯಿತು, ಅಳತೆಗೆ ಇಂಜಿನಿಯರು ಬರುತ್ತಾರೆ ಎಂದು ತಿಳಿಯಿತು. ತಪ್ಪೆಲ್ಲ ನನ್ನದೇ.

ಸುದ್ದಿ ಕೇಳಿದ ಮಾವ ಮುದ್ದೆ ಮುಟ್ಟಲಿಲ್ಲ. ನಾನು ತುಮಕೂರಿನಿಂದ ಓಡಿ ಹೋದೆ. ಜೀಪಿನ ಬಾನೆಟ್ಟಿಗೆ ಒರಗಿ ಕೂತಿದ್ದರು.

"ಬರ್ಲಿ ಆ ಇಂಜಿನಿಯರ್ರು. ರಸ್ತೆ ಬ್ಯಾಡ ಅಂತ ನಾನೇ ಎದ್ ನಿಂತ್ಕೊಂಡ್ ಹೇಳ್ತೀನಿ. ಇಷ್ಟ್ ವರ್ಷ ಈ ದಾರಿಗೆ ಬಂದೋರೆಲ್ಲ ನಮ್ಮನ್ನ ಬೈಕೊಂಡೇ ಹೋಗ್ತಿದ್ರು. ಈಗ ನಕ್ಕೊಂಡ್ ಹೋಗ್ತಾವ್ರೆ. ಅದ್ನೂ ಕಿತ್ಕೊಂಡ್ರೆ ಹೆಂಗವ್ವಾ?"

ನನಗೂ ಸಂಕಟವಾಯಿತು. ಟೂರು ಶುರುವಾದಾಗಿನಿಂದ ಮಾವ ಹತ್ತು ವರ್ಷ ಚಿಕ್ಕವರಾಗಿದ್ದರು. ಆದರೆ ಊರಿಗೆ ರಸ್ತೆ ಬೇಡ ಎನ್ನುವ ಬಾಯಿ ನನಗಿರಲಿಲ್ಲ.

ಇಂಜಿನಿಯರು ಬಂದದ್ದು ಒಂದು ಭಾನುವಾರ, ಹೇಳಿದ ದಿನಕ್ಕಿಂತ ಮೊದಲೇ. ಮಾವ ಆಗಷ್ಟೇ ಬೀಗರ ಗುಂಡಿಗೆ ಪೈಪಿನ ಬಾಯಿ ಇಳಿಸಿ, ಮೋಟರು ಹಾಕಿ, ಬೇಲಿಯ ಪಕ್ಕ ನಿಂತಿದ್ದರು. ನಾನೂ ಅಲ್ಲೇ ಇದ್ದೆ. ಬಿಳಿ ಕಾರು ನೇರ ಬಂದು ಗುಂಡಿಯಲ್ಲಿ ಕೂತಿತು. ಇಂಜಿನಿಯರು ಬಾಗಿಲು ತೆರೆದು ಇಳಿದರೆ ಪ್ಯಾಂಟು ಮೊಣಕಾಲಿನವರೆಗೆ ಕೆಸರು. ಒಂದು ಬೂಟು ಒಳಗೇ ಉಳಿಯಿತು. ಊರೆಲ್ಲ ಸೇರಿತು. ಮಾವ ಜೀಪು ತಂದು ಹಗ್ಗ ಕಟ್ಟಿ ಎಷ್ಟು ನಾಜೂಕಾಗಿ ಕಾರನ್ನು ಎಳೆದರೆಂದರೆ ಇಂಜಿನಿಯರೇ ಭೇಷ್ ಎಂದರು. ಆಮೇಲೆ ಬೂಟು ತೊಳೆಯುತ್ತ, ಸುತ್ತಲಿನ ಒಣಗಿದ ಹೊಲ ನೋಡಿ, ಹುಬ್ಬು ಗಂಟಿಕ್ಕಿದರು.

"ಮೂರು ತಿಂಗಳಿಂದ ಮಳೆ ಇಲ್ಲ. ಈ ಗುಂಡೀಲಿ ನೀರು ಎಲ್ಲಿಂದ ಬಂತು? ಬೇಕಂತಲೇ ಯಾರಾದ್ರೂ ರಸ್ತೆ ಹಾಳು ಮಾಡ್ತಿದ್ರೆ ಹೇಳಿ, ಈ ಕೆಲಸಾನೇ ನಿಲ್ಲಿಸಿಬಿಡ್ತೀನಿ."

ಚಿಕ್ಕಣ್ಣ ಮಾವನನ್ನೇ ನೋಡುತ್ತಿದ್ದ, ಅತ್ತೆಯೂ ಅವರನ್ನೇ ನೋಡುತ್ತಿದ್ದರು. ಮಾವ ಒಂದೇ ಒಂದು ನಿಜ ಹೇಳಿದ್ದರೆ ಸಾಕಿತ್ತು, ಅವರ ಟೂರು ಉಳಿಯುತ್ತಿತ್ತು. ಅವರು ಟವೆಲು ಕೊಡವಿ ಪೈಪಿನ ಮೇಲೆ ಹಾಸಿ, ಅದರ ಮೇಲೆ ಕೂತು, ಬಾಯಿ ತೆರೆದರು.

"ಊಟೆ ಸಾರ್."

"ಊಟೆಯಾ? ಬೇಸಿಗೇಲೂ ನೆಲದಿಂದ ನೀರು ಉಕ್ಕುತ್ತಾ?"

"ನಮ್ ತಾತನ ಕಾಲ್ದಿಂದ್ಲೂ ಉಕ್ತಾನೇ ಐತೆ ಸಾರ್. ಬೇಕಾದ್ರೆ ನೋಡಿ."

ಮೋಟರು ಇನ್ನೂ ಓಡುತ್ತಿತ್ತು. ಗುಂಡಿಯ ನಡುವೆ ನೀರು ಬುಳುಬುಳು ಎಂದು ಏಳುತ್ತಿತ್ತು. ಇಂಜಿನಿಯರು ಬಗ್ಗಿ ನೋಡಿ ತಲೆಯಾಡಿಸಿ, ಡಾಂಬರು ಇಲ್ಲಿ ನಿಲ್ಲುವುದಿಲ್ಲ, ಸಿಮೆಂಟ್ ರಸ್ತೆಯೇ ಬೇಕು, ಜೊತೆಗೊಂದು ಮೋರಿ ಬೇಕು ಎಂದು ಬರೆದುಕೊಂಡರು. ಆ ಮೋರಿ ಇವತ್ತಿಗೂ ಇದೆ. ಅದರ ಕೆಳಗೆ ಒಂದು ಹನಿ ನೀರು ಹರಿದಿಲ್ಲ, ಚಿಕ್ಕಣ್ಣನ ಕೋಳಿಗಳು ಮಧ್ಯಾಹ್ನ ಅಲ್ಲಿ ನೆರಳಿಗೆ ಮಲಗುತ್ತವೆ.

ಕಾರು ಹೋದ ಮೇಲೆ ನಾನು ಕೇಳಿದೆ.

"ನಿಜ ಹೇಳಿದ್ರೆ ರಸ್ತೆ ನಿಲ್ತಿತ್ತಲ್ಲ ಮಾವಾ, ಯಾಕೆ ಹೇಳ್ಲಿಲ್ಲ?"

"ಬ್ಯಾಡ ಅನ್ನೋಣ ಅಂತ್ಲೇ ಬಾಯ್ ತೆಗ್ದೆ ಕಣವ್ವ. ಅಷ್ಟ್ ವರ್ಷ ಬೇಕು ಬೇಕು ಅಂದಿದ್ ಬಾಯಿ. ಬ್ಯಾಡ ಅನ್ನಕ್ಕೆ ಬರ್ಲೇ ಇಲ್ಲ."

ಹೇಳಿ ನಕ್ಕರು. ಕಣ್ಣು ಒರೆಸಿಕೊಂಡದ್ದನ್ನೂ ನಾನು ನೋಡಿದೆ.

ರಸ್ತೆಯಾಯಿತು. ಟೂರಿಗೆಂದು ಫೋನು ಮಾಡಿದವರಿಗೆ ನಾನು ಇಲ್ಲ ಎಂದು ಹೇಳಿ ಹೇಳಿ, ಕೊನೆಗೆ ಫೋನುಗಳೂ ನಿಂತವು. ಮಾವನನ್ನು ನಾನು ಕೊನೆಯದಾಗಿ ನೋಡಿದ್ದು ಅದರ ಮರುವರ್ಷ, ಹಬ್ಬಕ್ಕೆ ಹೋಗಿ ವಾಪಸು ಹೊರಟಾಗ. ಬಸ್ಸಿಗೆ ಬಿಡುತ್ತೇನೆಂದು ಜೀಪು ತೆಗೆದರು. ಮಗಳ ಮನೆಯ ವಿಷಯ, ಅತ್ತೆಯ ಮಂಡಿನೋವಿನ ವಿಷಯ ಎಂದು ಶುರು ಮಾಡಿದ್ದರಷ್ಟೆ, ಡಾಂಬರು ರಸ್ತೆ ಬಂದುಬಿಟ್ಟಿತು. ಮೊದಲಾದರೆ ಅಷ್ಟು ದೂರಕ್ಕೆ ಮುಕ್ಕಾಲು ಗಂಟೆ. ಇಬ್ಬರೂ ಜೀಪಿನಲ್ಲೇ ಕೂತು ಉಳಿದ ಮಾತು ಮುಗಿಸಿದೆವು. ಒಂದು ಬಸ್ಸು ಹೋಯಿತು, ನಾನು ಹತ್ತಲಿಲ್ಲ.

"ರಸ್ತೆ ಚೆನ್ನಾಗೈತೆ ಕಣವ್ವ," ಎಂದರು ಮಾವ, "ಮಾತಾಡಕ್ಕೆ ಸಾಲಲ್ಲ, ಅಷ್ಟೆ."

ಆರು ತಿಂಗಳ ನಂತರ ಒಂದು ಬೆಳಿಗ್ಗೆ ಚಿಕ್ಕಣ್ಣ ಫೋನು ಮಾಡಿ, ಗಂಗಣ್ಣ ಹೋಗ್ಬುಟ್ಟ ಎಂದ. ತುಮಕೂರಿನಿಂದ ಕುಣಿಗಲ್‌ವರೆಗೆ, ಕುಣಿಗಲ್‌ನಿಂದ ಹುಲಿಯೂರುದುರ್ಗದವರೆಗೆ ನಾನು ಕಾರಿನಲ್ಲಿ ಗಟ್ಟಿಯಾಗಿ ಕೂತಿದ್ದೆ. ಊರಿನ ದಾರಿ ಸಿಕ್ಕ ಮೇಲೆ ಅಳೋಣ, ಅಲ್ಲಿ ಯಾರೂ ಇರುವುದಿಲ್ಲ, ಹೊತ್ತೂ ಬೇಕಾದಷ್ಟು ಸಿಗುತ್ತದೆ ಎಂದುಕೊಂಡಿದ್ದೆ. ಕಾರು ಆ ದಾರಿಗೆ ತಿರುಗಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಇನ್ನೇನು ಅಳಬೇಕು, ಅಷ್ಟರಲ್ಲಿ ಅವರ ಮನೆ ಬಂದುಬಿಟ್ಟಿತು.